ಹೊಳಪು ಹೋದ ಮೇಲೆ ಅರ ನಿಲ್ಲಲಿ



"ಎಷ್ಟು ಹೇಳಿದರೂ ಕೇಳುವುದಿಲ್ಲ ಫಾದರ್, ನೀವೇ ಸ್ವಲ್ಪ ಬುದ್ಧಿ ಹೇಳಿ." ಮಗನನ್ನೋ ಮಗಳನ್ನೋ ಮುಂದೆ ನಿಲ್ಲಿಸಿಕೊಂಡು ಹೀಗೆ ಹೇಳುವ ತಂದೆತಾಯಂದಿರು ಗುರುನಿವಾಸದ ಬಾಗಿಲಿಗೆ ಬರದ ವಾರವಿಲ್ಲ. ಗುರುಗಳಾದ ನಾವೂ ಸುಲಭವಾಗಿ ಬುದ್ಧಿ ಹೇಳಿಬಿಡುತ್ತೇವೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಎಷ್ಟು ಬಗ್ಗಿಸಬೇಕು? ಯಾವಾಗ ಕೈ ತೆಗೆಯಬೇಕು? ತಿದ್ದುವ ಕೈಗೆ 'ಇನ್ನು ಸಾಕು' ಎಂದು ಹೇಳುವವರು ಯಾರು? ಈ ಪ್ರಶ್ನೆಯನ್ನು ನಾನು ಬಹುಕಾಲ ಕೇಳಿಕೊಂಡೇ ಇರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ಒಂದು ಗರಗಸ. ಅದೂ ನನ್ನ ಕೈಯಾರೆ ಮಾಡಲು ಹೋಗಿ ಅರ್ಧ ಕೆಡಿಸಿಕೊಂಡ ಗರಗಸ. ಅದರ ಕಥೆಯನ್ನು ಈ ವಾರ ನಿಮ್ಮ ಮುಂದಿಡುತ್ತೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡಬೇಕು. ಅದು 2023ರ ಜನವರಿಯ ಒಂದು ಭಾನುವಾರ. ಗಾಯನ ವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ ಯುವಕನೊಬ್ಬ ಸತತವಾಗಿ ಮೂರನೆಯ ವಾರವೂ ಬಲಿಪೂಜೆಗೆ ತಡವಾಗಿ ಬಂದ. ನಾನು ಪ್ರಬೋಧನೆಯನ್ನು ನಡುವೆ ನಿಲ್ಲಿಸಿ, ಅವನತ್ತ ಬೆರಳು ತೋರಿಸಿ, ಹೆಸರು ಹಿಡಿದು ಗದರಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಅವನು ತಲೆ ತಗ್ಗಿಸಿದ ಮೇಲೂ ಇನ್ನೆರಡು ಮಾತು ಸೇರಿಸಿದೆ. ಕೆಲವರು ನಕ್ಕರು. ಅವನು ರಾತ್ರಿ ಪಾಳಿಯ ಕೆಲಸ ಮುಗಿಸಿ, ನಿದ್ದೆಗೆಟ್ಟು, ಬಸ್ಸಿಳಿದು ನೇರವಾಗಿ ಚರ್ಚಿಗೆ ಬರುತ್ತಿದ್ದ ಎಂಬುದು ನನಗೆ ತಿಳಿದದ್ದು ಆಮೇಲೆ. ಮುಂದಿನ ಭಾನುವಾರ ಅವನು ಬರಲಿಲ್ಲ. ಅವನ ತಾಯಿ ಬಂದರು. ಕೊನೆಯ ಸಾಲಿನಲ್ಲಿ ಕುಳಿತು, ಪರಮಪ್ರಸಾದ ಸ್ವೀಕರಿಸಿದ ಕೂಡಲೇ ಪಕ್ಕದ ಬಾಗಿಲಿನಿಂದ ಹೊರಟುಹೋದರು. 'ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು?' ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ತಪಸ್ಸುಕಾಲ ಬಂತು. ಪಾಪನಿವೇದನೆಯ ಪೀಠದ ಬಾಗಿಲು ಸಡಿಲವಾಗಿತ್ತು. ನಮ್ಮ ಧರ್ಮಕೇಂದ್ರದಲ್ಲಿ ಎಲ್ಲರೂ 'ಬಡಗಿ ತಾತ' ಎಂದು ಕರೆಯುವ, ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಕರೆಸಿದೆ. ಅವರು ಚೀಲದಿಂದ ಒಂದು ಸಣ್ಣ ಗರಗಸ ತೆಗೆದರು. ಬೆನ್ನಿಗೆ ಹಿತ್ತಾಳೆಯ ಪಟ್ಟಿಯಿದ್ದ, ಕಿರಿದಾದ ಹಲ್ಲುಗಳಿದ್ದ, ನಯಗೆಲಸದ ಗರಗಸ. ಕೀಲುಗಳನ್ನು ಕೂದಲೆಳೆಯ ಅಂತರವೂ ಇಲ್ಲದಂತೆ ಕೂಡಿಸಲು ಬಡಗಿಗಳು ಬಳಸುವಂಥದ್ದು. ವರ್ಷಗಟ್ಟಲೆ ಮಸೆದು ಮಸೆದು ಅದರ ಅಲಗು ಎರಡು ಬೆರಳಗಲಕ್ಕೆ ಇಳಿದಿತ್ತು. "ತಾತ, ಹೊಸದೊಂದು ತರಿಸಿಕೊಡುತ್ತೇನೆ" ಎಂದೆ.

ಅವರು ನಕ್ಕರು. "ಈಗ ಅಂಗಡೀಲಿ ಸಿಗೋ ಎಷ್ಟೋ ಗರಗಸಕ್ಕೆ ಅರಾನೇ ಹತ್ತೋದಿಲ್ಲ ಸ್ವಾಮಿ. ಹಲ್ಲಿನ ತುದೀನ ಕಾಯಿಸಿ ಕಲ್ಲು ಮಾಡಿಟ್ಟಿರ್ತಾರೆ. ಮೊಂಡಾಯ್ತು ಅಂದ್ರೆ ಬಿಸಾಕೋದೆ. ಅರ ಹತ್ತೋ ಗರಗಸ ತಂದ್ರೂ ಮಸೆಯೋದು ನಮ್ಮ ಕೈಲೇ ಇರೋದು. ನೀವೇ ಒಂದು ಮಾಡಿ ನೋಡಿ. ಹಲ್ಲು ಹಾಕೋಕೆ ಬಂದೋರಿಗೆ ಹಲ್ಲು ಮಸೆಯೋದು ತಾನಾಗೇ ಬರ್ತದೆ."

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ 'ಬಿಸಾಡುವ ಸಂಸ್ಕೃತಿ'ಯ ಬಗ್ಗೆ ಎಚ್ಚರಿಸಿದ್ದು ನನಗೆ ನೆನಪಾಯಿತು. ಅರಕ್ಕೆ ಬಗ್ಗದ ಹಲ್ಲು ಬಹುಕಾಲ ಮೊನಚಾಗಿರುತ್ತದೆ, ನಿಜ. ಆದರೆ ಒಮ್ಮೆ ಮೊಂಡಾದರೆ ಅದಕ್ಕೆ ಎರಡನೆಯ ಬದುಕಿಲ್ಲ. ಹೀಗೆ ಆ ತಪಸ್ಸುಕಾಲದ ಶುಕ್ರವಾರಗಳಲ್ಲಿ, ಶಿಲುಬೆಹಾದಿ ಮುಗಿದ ಮೇಲೆ ಒಂದೊಂದು ಗಂಟೆ ತಾತನ ಕೊಟ್ಟಿಗೆಯಲ್ಲಿ ನಾನು ಶಿಷ್ಯನಾಗಿ ಕುಳಿತೆ.

ಗಾಜಿನ ಗರಗಸ ಏಕಿಲ್ಲ?

ಗುರುಮಠದಲ್ಲಿ ತತ್ವಶಾಸ್ತ್ರ ಓದಿದವರಿಗೆ ಗರಗಸ ಹೊಸದಲ್ಲ. ಅರಿಸ್ಟಾಟಲ್ ತನ್ನ 'ಫಿಸಿಕ್ಸ್' ಗ್ರಂಥದಲ್ಲಿ ಅದನ್ನೇ ಉದಾಹರಣೆಯಾಗಿ ಕೊಡುತ್ತಾನೆ: ಕೊಯ್ಯುವುದು ಗರಗಸದ ಗುರಿ, ಆ ಗುರಿ ಈಡೇರಬೇಕಾದರೆ ಅದು ಕಬ್ಬಿಣದ್ದೇ ಆಗಿರಬೇಕು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು 'ಸುಮ್ಮಾ ಥಿಯೊಲಾಜಿಯೆ'ಯಲ್ಲಿ ಈ ಉದಾಹರಣೆಯನ್ನು ಇನ್ನಷ್ಟು ಚೆಲುವಾಗಿ ಬಳಸುತ್ತಾರೆ. ದೇವರು ಮನುಷ್ಯನ ದೇಹವನ್ನು ಹೀಗೇಕೆ ರೂಪಿಸಿದರು ಎಂದು ವಿಚಾರಿಸುತ್ತಾ ಅವರು ಹೇಳುವುದಿಷ್ಟು: ಗಾಜು ಕಬ್ಬಿಣಕ್ಕಿಂತ ಸುಂದರವಾದ ವಸ್ತು. ಆದರೂ ಯಾವ ಕುಶಲಕರ್ಮಿಯೂ ಗಾಜಿನಿಂದ ಗರಗಸ ಮಾಡುವುದಿಲ್ಲ. ಆ ಸೌಂದರ್ಯವೇ ಗುರಿಗೆ ಅಡ್ಡಿ. ಇನ್ನೊಂದು ಕಡೆ ಅವರು ಒಂದು ಮಾತು ಸೇರಿಸುತ್ತಾರೆ: ಗಟ್ಟಿ ವಸ್ತುವನ್ನು ಕೊಯ್ಯಲೆಂದು ಕಬ್ಬಿಣವನ್ನು ಆರಿಸಿಕೊಂಡ ಮೇಲೆ, ಅದರ ಹಲ್ಲು ಮೊಂಡಾಗುವುದೂ ತುಕ್ಕು ಹಿಡಿಯುವುದೂ ಆ ವಸ್ತುವಿನ ಜೊತೆಗೇ ಬರುವಂಥವು.

ಇಪ್ಪತ್ತರ ವಯಸ್ಸಿನಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆ. ನಲವತ್ತು ದಾಟಿದ ಮೇಲೆ, ಕೈಯಲ್ಲಿ ಉಕ್ಕಿನ ತಗಡು ಹಿಡಿದಾಗ ಅದರ ಅರ್ಥ ಆಯಿತು. ನಿಮ್ಮ ಮಗ ಮೊಂಡಾದರೆ, ಸೊಸೆ ಸಿಡುಕಿದರೆ, ಗಂಡನ ಮನಸ್ಸಿಗೆ ತುಕ್ಕು ಹಿಡಿದರೆ, 'ಇದು ಕೆಟ್ಟ ಲೋಹ' ಎಂದು ತೀರ್ಮಾನಿಸಬೇಡಿ. ಕೆಲಸಕ್ಕೆ ಬರುವ ಲೋಹವಾದ್ದರಿಂದಲೇ ಅದು ಮೊಂಡಾಯಿತು. ಗೋಡೆಗೆ ತೂಗುಹಾಕಿದ ಗರಗಸದ ಹಲ್ಲು ಎಂದೂ ಸವೆಯುವುದಿಲ್ಲ. ನಮ್ಮನ್ನು ಗಾಜಿನಿಂದ ಮಾಡದ ದೇವರು, ನಾವು ಮೊಂಡಾಗುತ್ತೇವೆಂದು ಮೊದಲೇ ಬಲ್ಲವರು. ಆದ್ದರಿಂದಲೇ ಸ್ನಾನದೀಕ್ಷೆಯೊಂದನ್ನೇ ಕೊಟ್ಟು ಸುಮ್ಮನಾಗದೆ, ಪಾಪನಿವೇದನೆಯ ಸಂಸ್ಕಾರವನ್ನೂ ಕೊಟ್ಟರು.

ತಗಡು, ಬೆನ್ನು, ಹಿಡಿ

ಇನ್ನು ಕೆಲಸಕ್ಕೆ ಬರೋಣ. ಅಲಗಿಗೆ ಬೇಕಾದದ್ದು ಸ್ಪ್ರಿಂಗ್ ಉಕ್ಕಿನ ತಗಡು: ಅರ ಹಿಡಿದರೆ ಸವೆಯುವಷ್ಟು ಮೃದು, ಬಾಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುವಷ್ಟು ಗಡಸು. ನಾವು ತಂದದ್ದು ಅರ್ಧ ಮಿಲಿಮೀಟರ್ ದಪ್ಪದ್ದು. ಅದನ್ನು 10 ಅಂಗುಲ ಉದ್ದಕ್ಕೆ, ಎರಡೂವರೆ ಅಂಗುಲ ಅಗಲಕ್ಕೆ ಕತ್ತರಿಸಿದೆವು. ಇಷ್ಟು ತೆಳುವಾದ ತಗಡು ಒಂಟಿಯಾಗಿ ನಿಲ್ಲಲಾರದು. ಮರಕ್ಕೆ ತಗುಲಿದೊಡನೆ ಬಳುಕುತ್ತದೆ. ಆದ್ದರಿಂದ ಒಂದು ಹಿತ್ತಾಳೆ ಪಟ್ಟಿಯಲ್ಲಿ ಉದ್ದಕ್ಕೂ ಸೀಳು ಮಾಡಿಸಿ, ತಗಡಿನ ಮೇಲಂಚನ್ನು ಅದರೊಳಗೆ ಬಿಗಿಯಾಗಿ ಕೂರಿಸಬೇಕು. ಸೀಳು ಮಾಡಿಸಲು ಮಾತ್ರ ಊರಿನ ವರ್ಕ್‌ಶಾಪಿಗೆ ಹೋಗಬೇಕಾಯಿತು. ಹಿತ್ತಾಳೆ ಅಲಗನ್ನು ನೆಟ್ಟಗಿಡುತ್ತದೆ, ತನ್ನ ತೂಕವನ್ನೂ ಕೊಡುತ್ತದೆ. ಮೇಲಿನಿಂದ ಕೈ ಒತ್ತಬೇಕಾಗಿಲ್ಲ.

ಹಿಡಿಗೆ ತಾತ ಹಳೆಯ ಬೀಟೆ ಮರದ ತುಂಡೊಂದನ್ನು ಕೊಟ್ಟರು. ಆಕಾರ ಬರೆದು, ಕತ್ತರಿಸಿ, ಒರಟು ಅರದಿಂದ ದುಂಡಗೆ ಮಾಡಿ, ಮರಳುಕಾಗದದಿಂದ ಉಜ್ಜಿ, ಹಿತ್ತಾಳೆ ತಿರುಪುಗಳಿಂದ ಅಲಗಿಗೆ ಬಿಗಿಯಲು ಎರಡು ಶುಕ್ರವಾರ ಬೇಕಾದವು. ಇಂಥ ಗರಗಸದ ಹಿಡಿಯೊಳಗೆ ಮೂರೇ ಬೆರಳು ಹೋಗುತ್ತವೆ. ತೋರುಬೆರಳು ಹೊರಗೆ, ಅಲಗಿನ ಉದ್ದಕ್ಕೆ ಚಾಚಿಕೊಂಡಿರಬೇಕು. "ಅದು ದಾರಿ ತೋರ್ಸೋ ಬೆರಳು ಸ್ವಾಮಿ" ಎಂದರು ತಾತ. ಜನವರಿಯ ಆ ಭಾನುವಾರ ಅದೇ ಬೆರಳನ್ನು ನಾನು ಯಾವುದಕ್ಕೆ ಬಳಸಿದ್ದೆ ಎಂಬುದು ಆಗ ಮೊದಲ ಬಾರಿಗೆ ಚುಚ್ಚಿತು.

ಕಿರುಚುವ ಅರ

ಹಲ್ಲು ಹಾಕುವುದೇ ನಿಜವಾದ ಕೆಲಸ. ಅಂಗುಲಕ್ಕೆ 12ರಂತೆ ಗೆರೆ ಎಳೆದ ಕಾಗದವನ್ನು ಅಲಗಿನ ಅಂಚಿಗೆ ಅಂಟಿಸಿ, ಪ್ರತಿ ಗೆರೆಯ ಮೇಲೂ ಹ್ಯಾಕ್ಸಾ ಬ್ಲೇಡಿನಿಂದ ಸಣ್ಣ ಗುರುತು ಕೊಯ್ದು, ಆಮೇಲೆ ಮೂರು ಮೂಲೆಯ ಅರದಿಂದ ಒಂದೊಂದು ಸಂದನ್ನೂ ಇಳಿಸುತ್ತಾ ಹೋಗಬೇಕು. 10 ಅಂಗುಲಕ್ಕೆ 120 ಹಲ್ಲು. ಪವಿತ್ರಾತ್ಮರಿಗಾಗಿ ಕಾಯುತ್ತಾ ಯೆರೂಸಲೇಮಿನಲ್ಲಿ ಒಟ್ಟುಗೂಡಿದ್ದ ಭಕ್ತರ ಸಂಖ್ಯೆಯೂ ಸುಮಾರು ಅಷ್ಟೇ ಎಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ನನ್ನ ಮಟ್ಟಿಗೆ ಅದೊಂದು ಪುಟ್ಟ ಧರ್ಮಸಭೆಯೇ ಆಗಿತ್ತು.

ಮೊದಲ ಸಂದಿಗೆ ಅರ ಇಟ್ಟು ತಳ್ಳಿದೆ. ಕಿವಿ ಕಿತ್ತುಹೋಗುವಂತೆ ಕಿರುಚಿತು. ಇನ್ನೂ ಬಲವಾಗಿ ತಳ್ಳಿದೆ, ಇನ್ನೂ ಜೋರಾಗಿ ಕಿರುಚಿತು. ತಾತ ಬಂದು ವೈಸ್ ಸಡಿಲಿಸಿ, ಎರಡು ಹಲಗೆಗಳ ನಡುವೆ ಅಲಗನ್ನು ತೀರಾ ಕೆಳಕ್ಕೆ ಇಳಿಸಿ, ಹಲ್ಲಿನ ಅಂಚು ಮಾತ್ರ ಚೂರು ಮೇಲೆ ಕಾಣುವಂತೆ ಬಿಗಿದರು. ಈಗ ಅರ ತಳ್ಳಿದರೆ ಬೆಣ್ಣೆ ಕೊಯ್ದಂತೆ ಮೆತ್ತಗಿನ ಸದ್ದು. "ಕಿರುಚೋ ಅರ ಕೊಯ್ಯೋದಿಲ್ಲ. ಹತ್ರದಲ್ಲಿ ಭದ್ರವಾಗಿ ಹಿಡೀದೇ ಹೋದ್ರೆ ಕಿರುಚ್ತದೆ" ಎಂದರು.

ತಂದೆತಾಯಂದಿರೇ, ನಿಮ್ಮ ಮನೆಯಲ್ಲಿ ಕಿರುಚಾಟ ಹೆಚ್ಚಾಗಿದೆಯೇ? ಮಗು ಕೆಟ್ಟದ್ದೆಂದು ಇನ್ನೂ ಬಲವಾಗಿ ತಳ್ಳಬೇಡಿ. ಹಿಡಿತ ಎಲ್ಲಿ ಸಡಿಲವಾಗಿದೆ ಎಂದು ನೋಡಿ. ಅವನ ಜೊತೆ ಕುಳಿತು ಊಟ ಮಾಡಿ ಎಷ್ಟು ದಿನವಾಯಿತು? ಅವನ ಗೆಳೆಯರ ಹೆಸರು ನಿಮಗೆ ಗೊತ್ತೇ? ದೂರದಿಂದ ತಿದ್ದಲು ಹೋದರೆ ಸದ್ದು ಬರುತ್ತದೆಯೇ ಹೊರತು ಕೆಲಸವಾಗುವುದಿಲ್ಲ. ನಾನೂ ಆ ಯುವಕನನ್ನು ತಿದ್ದಿದ್ದು ಬಲಿಪೀಠದಷ್ಟು ದೂರದಿಂದ. ಅವನ ಮನೆಗೆ ಒಮ್ಮೆಯೂ ಹೋಗಿರಲಿಲ್ಲ.

ಇನ್ನೊಂದು ಪಾಠ: ಅರ ಕೊಯ್ಯುವುದು ಮುಂದಕ್ಕೆ ತಳ್ಳುವಾಗ ಮಾತ್ರ. ಹಿಂದಕ್ಕೆ ಬರುವಾಗ ಅದನ್ನು ಎತ್ತಬೇಕು. ಎತ್ತದೆ ಎಳೆದರೆ ಹಲ್ಲಿಗೆ ಪ್ರಯೋಜನವಿಲ್ಲ, ಅರವೇ ಹಾಳಾಗುತ್ತದೆ. ಗಂಡ ಹೆಂಡತಿ ಜಗಳವಾಡುವಾಗ ಹತ್ತು ವರ್ಷದ ಹಿಂದಿನದನ್ನೆಲ್ಲ ಎಳೆದು ತರುತ್ತಾರಲ್ಲ, ಅದು ಎತ್ತದೆ ಹಿಂದಕ್ಕೆ ಎಳೆದ ಅರ.

ಒಂದು ಉಜ್ಜಿಗೆ ಎರಡು ಹಲ್ಲು

ಅರವನ್ನು ಸಂದಿನಲ್ಲಿ ಇಟ್ಟಾಗ ಅದರ ಒಂದು ಮುಖ ಒಂದು ಹಲ್ಲಿನ ಎದೆಯನ್ನು ಮುಟ್ಟುತ್ತದೆ, ಇನ್ನೊಂದು ಮುಖ ಪಕ್ಕದ ಹಲ್ಲಿನ ಬೆನ್ನನ್ನು ಮುಟ್ಟುತ್ತದೆ. ಒಂದೇ ಹಲ್ಲನ್ನು ಮುಟ್ಟುವ ಉಜ್ಜು ಎಂಬುದೇ ಇಲ್ಲ. ಇದನ್ನು ಮರೆತು ನಾನು ಒಂದೇ ಬದಿಗೆ ಒತ್ತಿದೆ. ಒಂದು ಹಲ್ಲು ದೊಡ್ಡದು, ಒಂದು ಸಣ್ಣದು ಎಂಬಂತೆ ಸಾಲು ಹಾಳಾಯಿತು. ಇಂಗ್ಲಿಷ್ ಮಾತಾಡುವ ನಾಡುಗಳ ಕಸುಬುದಾರರು ಇಂಥ ಸಾಲನ್ನು 'ಹಸುಗಳೂ ಕರುಗಳೂ' ಎಂದು ತಮಾಷೆ ಮಾಡುತ್ತಾರೆ.

ನನಗೆ ಮಾತ್ರ ನಗು ಬರಲಿಲ್ಲ. ಪಕ್ಕದ ಬಾಗಿಲಿನಿಂದ ಹೊರಟುಹೋಗುತ್ತಿದ್ದ ಆ ತಾಯಿಯ ಮುಖ ಕಣ್ಣ ಮುಂದೆ ಬಂತು. ನಾನು ಮಗನನ್ನು ಉಜ್ಜಿದೆ ಎಂದುಕೊಂಡಿದ್ದೆ. ಸವೆದದ್ದು ತಾಯಿಯ ಬೆನ್ನು. ನೀವು ಮಗನನ್ನು ನೆಂಟರ ಮುಂದೆ ಹೀಯಾಳಿಸಿದಾಗ ಪಕ್ಕದಲ್ಲಿ ನಿಂತ ತಂಗಿಯೂ ಒಳಗೊಳಗೇ ಕುಗ್ಗುತ್ತಾಳೆ. ಹೆಂಡತಿಯನ್ನು ಗದರಿಸಿದಾಗ ಬಾಗಿಲ ಮರೆಯಲ್ಲಿ ನಿಂತ ಮಗು ಕೇಳಿಸಿಕೊಳ್ಳುತ್ತದೆ. ಆದ್ದರಿಂದಲೇ ಪ್ರಭು ಯೇಸು, ಸಂತ ಮತ್ತಾಯರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ, ತಪ್ಪು ಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗಿ, ಅವನೊಬ್ಬನಿಗೇ ತಿಳಿಸಿಕೊಡು ಎಂದು ಕಲಿಸುತ್ತಾರೆ. ಸೋದರರನ್ನು ತಿದ್ದುವುದು ಪ್ರೀತಿಯ ಕಾರ್ಯ. ಬಹಿರಂಗವಾಗಿ ಹೇಳುವ ಮೊದಲು ಗುಟ್ಟಾಗಿ ಎಚ್ಚರಿಸಬೇಕು ಎಂದು ಸಂತ ತೋಮಸರು ವಿವರಿಸುತ್ತಾರೆ. ಗುರುಮಠದಲ್ಲಿ ಈ ಪ್ರಶ್ನೆಗೆ ಒಳ್ಳೆಯ ಅಂಕ ಪಡೆದವನು ನಾನು!

ಹೊಳಪು ಹೋಗುವವರೆಗೆ

ಹಲ್ಲುಗಳ ಎತ್ತರ ಏರುಪೇರಾದರೆ ಉದ್ದನೆಯ ಹಲ್ಲೊಂದೇ ಮರಕ್ಕೆ ಸಿಕ್ಕಿಕೊಳ್ಳುತ್ತದೆ, ಕುಳ್ಳು ಹಲ್ಲು ಕೆಲಸವಿಲ್ಲದೆ ಗಾಳಿಯಲ್ಲಿರುತ್ತದೆ. ಇದಕ್ಕೆ ಪರಿಹಾರವಾಗಿ ತಾತ ಒಂದು ಚಪ್ಪಟೆ ಅರವನ್ನು ಹಲ್ಲುಗಳ ತುದಿಯ ಮೇಲೆ ಉದ್ದಕ್ಕೂ ಹಗುರವಾಗಿ ಓಡಿಸಿದರು. ಮಸೆಯುವ ಮೊದಲು ಎಲ್ಲವನ್ನೂ ಮೊಂಡು ಮಾಡುವುದು! ಬೆಳಕಿಗೆ ಹಿಡಿದು ನೋಡಿದರೆ ಪ್ರತಿ ಹಲ್ಲಿನ ನೆತ್ತಿಯ ಮೇಲೂ ಒಂದು ಚುಕ್ಕೆ ಹೊಳೆಯುತ್ತಿತ್ತು. ಉದ್ದನೆಯದಕ್ಕೆ ದೊಡ್ಡ ಚುಕ್ಕೆ, ಕುಳ್ಳಗಿನದಕ್ಕೆ ಸಣ್ಣ ಚುಕ್ಕೆ. "ಈಗ ಒಂದೊಂದಾಗಿ ಉಜ್ಜಿ. ಹೊಳಪು ಹೋದ ಕೂಡ್ಲೇ ನಿಲ್ಲಿಸ್ಬಿಡಿ. ಇನ್ನೊಂದೂ ಬೇಡ."

ಮೊನಚಾದ ತುದಿ ಬೆಳಕಿಗೆ ಹೊಳೆಯುವುದಿಲ್ಲ. ಹೊಳೆಯುವುದು ಮೊಂಡಾದದ್ದು ಮಾತ್ರ. ನಮ್ಮ ಅಹಂಕಾರವೂ ಹಾಗೆಯೇ. ಅದು ಹೊಳೆಯುತ್ತದೆ, ಕೆಲಸಕ್ಕೆ ಬಾರದು. ಪ್ರವಾದಿ ಯೆಶಾಯನು 10ನೆಯ ಅಧ್ಯಾಯದಲ್ಲಿ, ಗರಗಸವು ತನ್ನನ್ನು ಎಳೆಯುವವನಿಗಿಂತ ತಾನೇ ಹೆಚ್ಚೆಂದು ಮೆರೆಯಬಹುದೇ ಎಂದು ಕೇಳುವುದು ಇದನ್ನೇ. ಆ ಹೊಳಪನ್ನು ತೆಗೆಯಲು ಅರ ಬೇಕೇ ಬೇಕು. ತಿದ್ದದೆ ಬಿಡುವುದು ಪ್ರೀತಿಯಲ್ಲ. ಆದರೆ ಹೊಳಪು ಹೋದ ಮೇಲಿನ ಒಂದು ಉಜ್ಜು ತಿದ್ದುವುದಲ್ಲ. ಅದು ಉಜ್ಜುವವನ ಕೋಪ.

ಪುನರುತ್ಥಾನಿ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಪೇತ್ರನನ್ನು ತಿದ್ದಿದ ಬಗೆಯನ್ನು ನೋಡಿ. ಮೊದಲು ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಕೊಟ್ಟು, ಊಟ ಮಾಡಿಸಿದರು: ಹತ್ತಿರದಲ್ಲಿ ಹಿಡಿದರು. ಆಮೇಲೆ ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಪೇತ್ರ ಮೂರು ಸಲ ನಿರಾಕರಿಸಿದ್ದ, ಮೂರೇ ಪ್ರಶ್ನೆ. ಮೂರನೆಯದಕ್ಕೆ ಪೇತ್ರನ ಮನಸ್ಸು ನೊಂದಿತು, ಹೊಳಪು ಹೋಯಿತು. ಪ್ರಭು ನಾಲ್ಕನೆಯ ಸಲ ಕೇಳಲಿಲ್ಲ. ಆ ರಾತ್ರಿಯ ಕೋಳಿಯ ಕೂಗನ್ನು ನೆನಪಿಸಲಿಲ್ಲ. ಕುರಿಗಳನ್ನು ಅವನ ಕೈಗೊಪ್ಪಿಸಿದರು.

ಕುಳ್ಳಾದ ಹಲ್ಲು

ಐದನೆಯ ಶುಕ್ರವಾರ. ನಾನು ನಲವತ್ತನೆಯ ಹಲ್ಲಿನಲ್ಲಿದ್ದೆ. ಹೊಳಪು ಹೋಗಿತ್ತು. ಇನ್ನೂ ಚೆನ್ನಾಗಿರಲಿ ಎಂದು ಮತ್ತೆರಡು ಸಲ ತಳ್ಳಿದೆ. ತಾತ ಅಲಗನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಮೆಲ್ಲಗೆ ಹೇಳಿದರು: "ಹೊಳಪು ಹೋದ್ಮೇಲೂ ಉಜ್ಜಿದ್ರಿ ಸ್ವಾಮಿ."

ಅವರು ಹೇಳಿದ್ದು ಆ ಹಲ್ಲಿನ ವಿಷಯ. ನಾನು ಕೇಳಿಸಿಕೊಂಡದ್ದು ತಲೆ ತಗ್ಗಿಸಿದ ಹುಡುಗನಿಗೆ ನಾನು ಸೇರಿಸಿದ ಇನ್ನೆರಡು ಮಾತಿನ ವಿಷಯ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎನ್ನುತ್ತಾರೆ ನಮ್ಮ ಹಿರಿಯರು. "ಇದನ್ನು ಸರಿಮಾಡೋದು ಹೇಗೆ ತಾತ?" ಎಂದು ಕೇಳಿದೆ.

"ಹೋದ ಕಬ್ಬಿಣಾನ ಮತ್ತೆ ಅಂಟಿಸೋಕಾಗ್ತದಾ? ಆಗಲ್ಲ. ಉಳಿದ ಹಲ್ಲೆಲ್ಲಾನೂ ಅದರ ಮಟ್ಟಕ್ಕೆ ಇಳಿಸ್ಬೇಕು. ಅಷ್ಟೇ ದಾರಿ."

ಒಂದು ಹಲ್ಲಿಗಾಗಿ 119 ಹಲ್ಲುಗಳನ್ನು ಇಳಿಸಬೇಕು! ಚಪ್ಪಟೆ ಅರ ಓಡಿಸುತ್ತಾ ಕುಳಿತಾಗ ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ನನ್ನ ಮನಸ್ಸಿಗೆ ಬಂತು. ದೇವಸ್ವರೂಪಿಯಾಗಿದ್ದ ಕ್ರಿಸ್ತರು ತಮ್ಮನ್ನು ಬರಿದು ಮಾಡಿಕೊಂಡು, ದಾಸನ ರೂಪ ಧರಿಸಿ, ಶಿಲುಬೆಯ ಮರಣದವರೆಗೂ ಇಳಿದರು. ಗುರುಮಠದಲ್ಲಿ ಇದನ್ನು ಎಷ್ಟೋ ಭಾಷೆಗಳ ಪಾರಿಭಾಷಿಕ ಪದಗಳಲ್ಲಿ ಕಲಿತಿದ್ದೆ. ಅಂದು ಅದು ಸರಳವಾಗಿ ತಿಳಿಯಿತು. ಪಾಪದಿಂದ ಕುಳ್ಳಾದ ಮನುಷ್ಯನನ್ನು ಎಳೆದು ಉದ್ದ ಮಾಡಲು ಸಾಧ್ಯವಿರಲಿಲ್ಲ. ದೇವರೇ ಅವನ ಮಟ್ಟಕ್ಕೆ ಇಳಿದರು. ನೊಂದವರನ್ನು 'ಮೇಲೆ ಬಾ, ಎಲ್ಲ ಮರೆತುಬಿಡು' ಎಂದು ಕರೆಯುವುದು ಸುಲಭ. ನೋಯಿಸಿದವರು ಕೆಳಗೆ ಇಳಿಯಬೇಕು. ಬೇರೆ ದಾರಿಯಿಲ್ಲ.

ಆ ವಾರವೇ ಯುವಕನ ಮನೆಗೆ ಹೋದೆ. ಕ್ಷಮೆ ಕೇಳಿದೆ. "ಪರವಾಗಿಲ್ಲ ಫಾದರ್" ಎಂದ. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಎಲ್ಲರ ಮುಂದೆ ಮಾಡಿದ ತಪ್ಪಿಗೆ ಅವನ ಮನೆಯ ನಾಲ್ಕು ಗೋಡೆಗಳ ನಡುವಿನ ಕ್ಷಮೆ ಸಾಲದು ಎಂದು ನನಗೂ ತಿಳಿದಿತ್ತು. ಗರಿಗಳ ಭಾನುವಾರದಂದು, ಅದೇ ಸ್ಥಳದಲ್ಲಿ ನಿಂತು, ಪ್ರಬೋಧನೆಗೆ ಮೊದಲು, ಜನವರಿಯಲ್ಲಿ ನಾನು ಮಾಡಿದ್ದು ತಪ್ಪೆಂದು ಇಡೀ ಧರ್ಮಕೇಂದ್ರದ ಮುಂದೆ ಒಪ್ಪಿಕೊಂಡೆ. ಹೇಳುವಾಗ ಕಾಲು ನಡುಗಿತು. ಅವನು ಅಲ್ಲಿರಲಿಲ್ಲ. ಅವನ ತಾಯಿ ಇದ್ದರು. ಅಂದು ಅವರು ಕೊನೆಯ ಆಶೀರ್ವಾದದವರೆಗೂ ಕುಳಿತಿದ್ದರು.

ಎಡಕ್ಕೊಂದು, ಬಲಕ್ಕೊಂದು

ಹಲ್ಲು ಸರಿಯಾದ ಮೇಲೂ ಗರಗಸ ಕೊಯ್ಯಲು ಸಿದ್ಧವಲ್ಲ. ಎಲ್ಲ ಹಲ್ಲುಗಳೂ ಒಂದೇ ನೇರಕ್ಕಿದ್ದರೆ ಅದು ತಾನು ಕೊಯ್ದ ಸಂದಿನಲ್ಲೇ ಸಿಕ್ಕಿ ನಿಲ್ಲುತ್ತದೆ. ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ, ಹೀಗೆ ಒಂದು ಬಿಟ್ಟು ಒಂದನ್ನು ಬಗ್ಗಿಸಬೇಕು. ಬದಿಗೆ ಸುಮಾರು ಒಂದು ಕಾಗದದ ಹಾಳೆಯ ದಪ್ಪದಷ್ಟು, ಅಷ್ಟೇ. ಹಲ್ಲಿನ ಮೇಲರ್ಧ ಮಾತ್ರ ಬಾಗಬೇಕು. ಬುಡದಿಂದ ಬಗ್ಗಿಸಲು ಹೋದರೆ ಮುರಿಯುತ್ತದೆ. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಬರಹಗಾರ ಪ್ಲಿನಿಯೂ, ಹಲ್ಲುಗಳನ್ನು ಹೀಗೆ ಒಂದಾದ ಮೇಲೊಂದು ವಿರುದ್ಧ ದಿಕ್ಕಿಗೆ ಬಗ್ಗಿಸಿದರೆ ಮರದ ಪುಡಿ ಹೊರಬೀಳುತ್ತದೆಂದು ಬರೆದಿದ್ದಾನೆ. ನಜರೇತಿನ ಬಡಗಿ ಸಂತ ಜೋಸೆಫರ ಕೊಟ್ಟಿಗೆಯಲ್ಲೂ ಈ ವಿದ್ಯೆ ಇದ್ದಿರಬಹುದು. ಸಂತ ಮಾರ್ಕರ ಶುಭಸಂದೇಶದಲ್ಲಿ ಊರಿನವರು 'ಬಡಗಿ' ಎಂದು ಕರೆಯುವ ಯೇಸು ಅದನ್ನು ಅಲ್ಲೇ ಕಲಿತಿರಬಹುದು.

ಗಂಡ ಒಂದು ಕಡೆ ವಾಲಿದರೆ ಹೆಂಡತಿ ಇನ್ನೊಂದು ಕಡೆ ವಾಲುತ್ತಾಳೆ ಎಂದು ದೂರುವ ದಂಪತಿಗಳೇ, ಅಳತೆ ಮೀರದಿದ್ದರೆ ಅದೇ ನಿಮ್ಮ ಸಂಸಾರಕ್ಕೆ ಉಸಿರಾಡುವ ಜಾಗ. ಇಬ್ಬರೂ ಒಂದೇ ಕಡೆ ವಾಲಿದರೆ ಗರಗಸ ಗೆರೆ ಬಿಡುತ್ತದೆ.

ನನ್ನ ಗರಗಸ ಪಾಸ್ಖ ಹಬ್ಬದ ಹೊತ್ತಿಗೆ ಮುಗಿಯಿತು. ಡಿಸೆಂಬರಿನಲ್ಲಿ ಯುವಜನರು ಚರ್ಚಿನ ಅಂಗಳದಲ್ಲಿ ಗೋದಲಿ ಕಟ್ಟುತ್ತಿದ್ದಾಗ ಆ ಯುವಕ ಬಂದ. ನನಗೆ ನಮಸ್ಕಾರ ಹೇಳಿ, ನನ್ನ ಗರಗಸವನ್ನು ಎತ್ತಿಕೊಂಡು, ನಾಲ್ಕು ಪಟ್ಟಿ ಕೊಯ್ದು, ಅದನ್ನು ಮೇಜಿನ ಮೇಲಿಟ್ಟು ಹೇಳಿದ: "ಸ್ವಲ್ಪ ಎಡಕ್ಕೆ ಎಳೀತದೆ ಫಾದರ್."

ಹೌದು, ಎಡಗಡೆಯ ಹಲ್ಲುಗಳು ತುಸು ಹೆಚ್ಚು ಬಾಗಿದ್ದವು. ಅಂದೇ ಸಂಜೆ ತಾತ ಕಲಿಸಿದಂತೆ, ಎಡಬದಿಯ ಮೇಲೆ ಸಾಣೆಕಲ್ಲನ್ನು ಒಂದೇ ಒಂದು ಸಲ ಹಗುರವಾಗಿ ಓಡಿಸಿದೆ. ಈಗ ಅದು ಗೆರೆಯ ಮೇಲೆ ನೇರವಾಗಿ ಹೋಗುತ್ತದೆ. ಗರಗಸ ಮಾಡಿದವನಿಗೆ ಕಾಣದ ವಾಲು ಅದನ್ನು ಹಿಡಿದು ದುಡಿದವನಿಗೆ ಕಂಡಿತು. ಆ ಹುಡುಗ ನನ್ನನ್ನು ತಿದ್ದಿದ್ದು ನಾಲ್ಕೇ ಮಾತಿನಲ್ಲಿ, ಹತ್ತಿರ ನಿಂತು, ಯಾರಿಗೂ ಕೇಳದಂತೆ. ನನಗಿಂತ ಚೆನ್ನಾಗಿ ತಿದ್ದಿದ.

ಪ್ರಿಯರೇ, ಈ ವಾರ ನಿಮ್ಮ ಮನೆಯಲ್ಲಿ ಯಾರನ್ನಾದರೂ ತಿದ್ದಬೇಕಾಗಿ ಬಂದರೆ, ಬಾಯಿ ತೆರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನಾನು ಹತ್ತಿರದಲ್ಲಿ ಹಿಡಿದಿದ್ದೇನೆಯೇ? ಪಕ್ಕದಲ್ಲಿ ಯಾರ ಬೆನ್ನು ಸವೆಯುತ್ತಿದೆ? ಹೊಳಪು ಆಗಲೇ ಹೋಗಿದೆಯೇ? ಈಗಾಗಲೇ ಅತಿಯಾಗಿ ಉಜ್ಜಿ ಯಾರನ್ನಾದರೂ ಕುಳ್ಳು ಮಾಡಿದ್ದರೆ, ಅವರು ಮೇಲೆ ಬರಲೆಂದು ಕಾಯಬೇಡಿ. ಮಗನಾದರೂ ಸರಿ, ಸೊಸೆಯಾದರೂ ಸರಿ, ಮನೆಗೆಲಸದವರಾದರೂ ಸರಿ, ನೀವೇ ಇಳಿದು ಹೋಗಿ ಕ್ಷಮೆ ಕೇಳಿ. ಎಲ್ಲರ ಮುಂದೆ ನೋಯಿಸಿದ್ದರೆ ಎಲ್ಲರ ಮುಂದೆಯೇ ಕೇಳಿ. ಆಮೇಲೆ, ಗುರುಗಳನ್ನು ಕಂಡು ಪಾಪನಿವೇದನೆ ಮಾಡಿ. ನಮ್ಮ ಚರ್ಚಿನ ಆ ಪೀಠದ ಬಾಗಿಲು ಈಗ ಸಡಿಲವಾಗಿಲ್ಲ.

ಪ್ರಾರ್ಥಿಸೋಣ: ಕೆಲಸಗಾರರ ಪಾಲಕರಾದ ಸಂತ ಜೋಸೆಫರೇ, ನಿಮ್ಮ ಕೈಯ ಹದವನ್ನು ನಮ್ಮ ತಂದೆತಾಯಂದಿರಿಗೂ, ಉಪಾಧ್ಯಾಯರಿಗೂ, ಗುರುಗಳಿಗೂ ಬೇಡಿ ಕೊಡಿಸಿ. ತಿದ್ದಬೇಕಾದಾಗ ತಿದ್ದುವ ಧೈರ್ಯವನ್ನೂ, ನಿಲ್ಲಿಸಬೇಕಾದಾಗ ನಿಲ್ಲಿಸುವ ಪ್ರೀತಿಯನ್ನೂ, ತಿದ್ದಿಸಿಕೊಳ್ಳಬೇಕಾದಾಗ ಬಾಗುವ ಮನಸ್ಸನ್ನೂ ನಿಮ್ಮ ಸಾಕುಮಗನಾದ ಪ್ರಭು ಯೇಸುವಿನಿಂದ ನಮಗೆ ದೊರಕಿಸಿಕೊಡಿ. ಆಮೆನ್.